ನಮ್ಮ ಮೈಯೊಳಗಿನ ಕಸದ ಕಾಯಕ

ಸೊಲ್ಲಾಪುರದಿಂದ ಅಕ್ಕಲಕೋಟದ ದಾರಿ ಹಿಡಿದು ಹೊರಟವರಿಗೆ, ಊರಿನ ಗದ್ದಲ ಹಿಂದಾಗುವ ಮೊದಲೇ ಮತ್ತೊಂದು ಸಪ್ಪಳವು ಕಿವಿಗೆ ಬೀಳತೊಡಗುತ್ತದೆ. ಅದು ಯಂತ್ರಮಗ್ಗಗಳ ಸಪ್ಪಳ. ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳವು 1962ರಲ್ಲಿ ಸ್ಥಾಪನೆಯಾದ ಮೇಲೆ ರಾಜ್ಯದ ಹಲವೆಡೆಗಳಲ್ಲಿ ಕಟ್ಟಿದ ಉದ್ಯಮ ವಸಾಹತುಗಳಲ್ಲಿ ಅಕ್ಕಲಕೋಟ ರಸ್ತೆಯ ಎಂಐಡಿಸಿಯೂ ಒಂದು. ಸೊಲ್ಲಾಪುರದ ಚಾದರವನ್ನೂ ಟವೆಲನ್ನೂ ಬಳಸದ ಮನೆ ನಮ್ಮ ಗಡಿನಾಡಿನಲ್ಲಿ ವಿರಳ. ಅವುಗಳನ್ನು ನೇಯುವ ಶೆಡ್ಡುಗಳಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ಮಾತುಗಳೆಲ್ಲ ಒಂದೇ ಛಾವಣಿಯ ಕೆಳಗೆ ಕಲೆತು, ಮಗ್ಗದ ಸಪ್ಪಳದಲ್ಲಿ ಕರಗಿಹೋಗುತ್ತವೆ.

ಈ ಶೆಡ್ಡುಗಳಲ್ಲಿ ಕಣ್ಣಿಟ್ಟು ನೋಡಿದವರಿಗೆ ಒಂದು ಸಂಗತಿ ತಿಳಿಯದೆ ಇರದು. ಇಲ್ಲಿ ಕಸವೆಂಬುದೇ ಇಲ್ಲ. ಮಗ್ಗದ ಕೆಳಗೆ ಉದುರಿದ ನೂಲಿನ ತುಂಡು, ಅಂಚು ಕತ್ತರಿಸಿದಾಗ ಉಳಿದ ಚಿಂದಿ, ಕೆಟ್ಟುಹೋದ ಟವೆಲು, ಎಲ್ಲವೂ ಪಾಳಿ ಮುಗಿದಾಗ ಗೋಣಿಚೀಲ ಸೇರುತ್ತವೆ. ‘ವೇಸ್ಟ್’ ಎಂದು ಕರೆಯುವ ಈ ವಸ್ತು ತೂಕದ ಮೇಲೆ ಮಾರಾಟವಾಗುತ್ತದೆ. ಹಿಂಜಿದರೆ ಮತ್ತೆ ದಪ್ಪ ನೂಲಾಗುತ್ತದೆ, ಇಲ್ಲವೆ ಯಂತ್ರ ಒರೆಸುವ ಅರಿವೆಯಾಗುತ್ತದೆ. ಗುಡಿಸುವ ಕೈ ಎರಡು ದಿನ ನಿಂತರೆ ಮಗ್ಗಕ್ಕೇ ನೂಲಿನ ನಾರು ಸುತ್ತಿಕೊಂಡು ಕೆಲಸ ನಿಲ್ಲುತ್ತದೆ.

ಹೋದ ಮಳೆಗಾಲ ಮುಗಿದ ಮೇಲೆ ನಾವು ಇಂತಹ ಒಂದು ಶೆಡ್ಡಿಗೆ ಹೋಗಿದ್ದೆವು. ಪರಿಚಯದ ನೇಕಾರರೊಬ್ಬರು ಮಗ್ಗದ ಮುಂದೆ ನಿಂತಿರದೆ ಗೋಡೆಗೆ ಒರಗಿ ಕುಳಿತಿದ್ದರು. ವಯಸ್ಸು ನಲವತ್ತರ ಆಸುಪಾಸು; ಆದರೆ ಏಳುವಾಗ ನೆಲಕ್ಕೆ ಕೈಯೂರಿದ ರೀತಿ ಎಪ್ಪತ್ತರ ಮುದುಕನದಾಗಿತ್ತು.

“ಚಿಕೂನ್‌ಗುನ್ಯಾ ಬಂದು ಮೂರು ತಿಂಗಳಾತ್ರಿ ಕಾಕಾ. ಜ್ವರ ನಾಕು ದಿನದಾಗ ಹೋತು. ಕೀಲು ಮಾತ್ರ ಬಿಡವಲ್ಲದು. ಮುಂಜಾನೆದ್ದು ಮುಷ್ಟಿ ಕಟ್ಟಾಕ ಬರೂದಿಲ್ಲ. ಹರದ ಎಳಿಗೆ ಗಂಟು ಹೆಂಗ ಹಾಕಲಿ?” ಎಂದರು.

ನೇಯ್ದಷ್ಟಕ್ಕೆ ಕೂಲಿ ಸಿಗುವ ಕೆಲಸ. ಬೆರಳು ಮಡಿಚದಿದ್ದರೆ ಆ ದಿನದ ಗಳಿಕೆಯೂ ಇಲ್ಲ. ಪಕ್ಕದಲ್ಲಿ ಟವೆಲಿನ ಅಂಚು ಹೊಲಿಯುತ್ತಿದ್ದ ಅವರ ಹೆಂಡತಿ ಹೊಲಿಗೆ ನಿಲ್ಲಿಸಿ ಹೇಳಿದರು: “ಎರಡು ದಿನ ಆತ್ರಿ, ಬರೇ ನೀರು ಕುಡದು ಪಾಳಿಗೆ ಬರ‍್ತಾರ. ಹತ್ತು ದಿನ ಉಪವಾಸ ಮಾಡಿದ್ರ ಮೈಯಾಗಿನ ಕಸಾ ಮೈನ ತಿಂತದಂತ, ವೈರಸ್ಸೂ ಅದರ ಕೂಡ ಸುಟ್ಟು ಹೋಗತದಂತ. ಮೊಬೈಲಿನ್ಯಾಗ ಹಂಗ ಹೇಳ್ಯಾರಂತ. ನೊಬೆಲ್ಲೂ ಸಿಕ್ಕೇತಂತ. ನೀವರ ಒಂದು ಮಾತು ಹೇಳ್ರಿ.”

ನಾವು ಥಟ್ಟನೆ ಉತ್ತರ ಕೊಡಲಾರದೆ ಹೋದೆವು. ಆ ಮಾತಿನಲ್ಲಿ ಅರ್ಧ ಸತ್ಯವಿತ್ತು. ಪೂರ್ತಿ ಸುಳ್ಳಾಗಿದ್ದರೆ ನಕ್ಕು ತಳ್ಳಿಹಾಕಬಹುದಿತ್ತು. ಅರ್ಧ ಸತ್ಯವನ್ನು ಬಿಡಿಸಿ ನೋಡದೆ ಗತ್ಯಂತರವಿಲ್ಲ. ಈ ಲೇಖನವು ಅವರಿಬ್ಬರಿಗೆ ನಾವು ಕೊಡಬೇಕಾದ ಉತ್ತರ. ಇಂತಹ ಮಾತನ್ನು ಕೇಳಿರಬಹುದಾದ ನಮ್ಮ ವಾಚಕರಿಗೂ ಇದು ಉಪಯೋಗಕ್ಕೆ ಬಂದೀತು.

ಬಾರ್ಶಿಯ ಜ್ವರ

ಚಿಕೂನ್‌ಗುನ್ಯಾ ನಮ್ಮ ಜಿಲ್ಲೆಗೆ ಹೊಸ ಅತಿಥಿಯಲ್ಲ. ಈ ರೋಗವು ಮೊದಲು ಗುರುತಿಸಲ್ಪಟ್ಟುದು 1952-53ರಲ್ಲಿ, ಆಫ್ರಿಕದ ಟಾಂಗನೀಕದಲ್ಲಿ. ಅದು ಇಂದಿನ ಟಾಂಜಾನಿಯಾದ ಭಾಗ. ಅಲ್ಲಿನ ಮಕೊಂಡೆ ಭಾಷೆಯಲ್ಲಿ ಈ ಹೆಸರಿಗೆ ‘ಬಗ್ಗಿಸುವುದು’ ಎಂಬ ಅರ್ಥವಿದೆ. ಕೀಲುನೋವಿನಿಂದ ರೋಗಿ ಬಗ್ಗಿ ನಡೆಯುವುದನ್ನು ಕಂಡು ಜನರೇ ಇಟ್ಟ ಹೆಸರಿದು. ಭಾರತದಲ್ಲಿ 1963ರಲ್ಲಿ ಕಲ್ಕತ್ತೆಯಲ್ಲಿಯೂ ಮರುವರ್ಷ ಮದರಾಸಿನಲ್ಲಿಯೂ ಇದರ ಹಾವಳಿ ಕಂಡುಬಂದಿತು. ಬಳಿಕ 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಅದು ಭುಗಿಲೆದ್ದಿತು. ಪುಣೆಯ ವೈರಾಣು ಸಂಶೋಧನ ಕೇಂದ್ರದವರು ಬಾರ್ಶಿಗೆ ಬಂದು ತನಿಖೆ ನಡೆಸಿದರು. 1952ರಲ್ಲಿ ಸ್ಥಾಪನೆಗೊಂಡ ಆ ಕೇಂದ್ರವೇ 1978ರಿಂದ ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಹೆಸರು ಪಡೆದಿದೆ. ಅವರ ಪರಿಶೀಲನೆಯಲ್ಲಿ ಶೇಕಡಾ 37ರಷ್ಟು ಜನ ಜ್ವರಕ್ಕೆ ತುತ್ತಾಗಿದ್ದುದು ಕಂಡುಬಂದಿತು. ಅಂದರೆ ಮೂವರು ಕುಳಿತ ಪಂಕ್ತಿಯಲ್ಲಿ ಒಬ್ಬರಾದರೂ ಜ್ವರದವರು!

ಬಾರ್ಶಿಯ ಬಳಿಕ ಈ ರೋಗವು ಮೂರು ದಶಕಗಳ ಕಾಲ ನಮ್ಮ ದೇಶದಲ್ಲಿ ದೊಡ್ಡದಾಗಿ ತಲೆಯೆತ್ತಲಿಲ್ಲ. ಜನ ಮರೆತರು, ವೈದ್ಯರೂ ಮರೆತರು. 2005ರ ಕೊನೆಯಲ್ಲಿ ಅದು ಮತ್ತೆ ಬಂದಿತು. ಕರ್ನಾಟಕದಲ್ಲಿ ಮೊದಮೊದಲು ಅದು ಕಂಡುಬಂದ ಜಿಲ್ಲೆಗಳಲ್ಲಿ ಅಕ್ಕಲಕೋಟದ ನೆರೆಯ ಕಲಬುರಗಿಯೂ ಒಂದು. 2006ರಲ್ಲಿ ದೇಶದಾದ್ಯಂತ 13 ಲಕ್ಷಕ್ಕೂ ಮೀರಿ ಶಂಕಿತ ರೋಗಿಗಳು ಲೆಕ್ಕಕ್ಕೆ ಬಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕರ್ನಾಟಕದವರು. ಪುಣೆಯ ವಿಜ್ಞಾನಿಗಳು ಪರೀಕ್ಷಿಸಿ, ಈ ಸಲ ಬಂದ ವೈರಾಣು ಬಾರ್ಶಿಯ ಕಾಲದ ಏಷ್ಯಾದ ಮನೆತನದ್ದಲ್ಲ, ಆಫ್ರಿಕದ ಮನೆತನದ್ದು ಎಂದು ತೋರಿಸಿಕೊಟ್ಟರು. ರಾಜ್ಯಗಳ ಗಡಿರೇಖೆಯನ್ನು ನಾವು ಎಷ್ಟು ಎಣಿಸಿದರೂ ಸೊಳ್ಳೆ ಎಣಿಸುವುದಿಲ್ಲ.

ಕೋಶದೊಳಗಿನ ಗೋಣಿಚೀಲ

ಈಗ ಆ ಅರ್ಧ ಸತ್ಯದ ಕಡೆಗೆ ಬರೋಣ. ಮೈಯ ಕಸವನ್ನು ಮೈಯೇ ತಿನ್ನುವುದು ನಿಜವೇ? ನಿಜ. ಉಪವಾಸವಿದ್ದಾಗ ಮಾತ್ರವಲ್ಲ, ಹೊಟ್ಟೆ ತುಂಬ ಉಂಡು ಮಲಗಿದಾಗಲೂ ಅದು ನಡೆಯುತ್ತಲೇ ಇರುತ್ತದೆ.

ನಮ್ಮ ದೇಹವು ಸುಮಾರು 30 ಲಕ್ಷ ಕೋಟಿ ಜೀವಕೋಶಗಳ ಒಕ್ಕೂಟ. ಒಂದೊಂದು ಕೋಶವೂ ಒಂದು ಕಾರಖಾನೆ. ಅಲ್ಲಿ ಸಸಾರಜನಕಗಳು, ಅಂದರೆ ಪ್ರೋಟೀನುಗಳು, ಸದಾ ತಯಾರಾಗುತ್ತವೆ, ದುಡಿಯುತ್ತವೆ, ಸವೆಯುತ್ತವೆ. ಸವೆದುದನ್ನು ಹೊರಗೆ ಎಸೆಯುವಷ್ಟು ಸಿರಿತನ ಯಾವ ಕೋಶಕ್ಕೂ ಇಲ್ಲ. ಬಿಡಿಸಿ ಮತ್ತೆ ಬಳಸಲೇಬೇಕು. ಬೆಲ್ಜಿಯಮ್ಮಿನ ವಿಜ್ಞಾನಿ ಕ್ರಿಶ್ಚಿಯನ್ ದ ದೂವ್ ಅವರು 1955ರಲ್ಲಿ ಕೋಶದೊಳಗೆ ಪಾಚಕ ರಸ ತುಂಬಿದ ಪುಟ್ಟ ಚೀಲಗಳಿರುವುದನ್ನು ವಿವರಿಸಿ ಅವಕ್ಕೆ ‘ಲೈಸೊಸೋಮ್’ ಎಂದು ಹೆಸರಿಟ್ಟರು. ಅದರ ಒಳಗೆ ಹುಳಿ ಮಜ್ಜಿಗೆಯಷ್ಟು ಆಮ್ಲವಿರುತ್ತದೆ. ಹತ್ತಾರು ಬಗೆಯ ಪಾಚಕಗಳು ಆ ಹುಳಿಯಲ್ಲಿಯೇ ಚುರುಕಾಗಿ ಕೆಲಸ ಮಾಡುತ್ತವೆ. ಕೋಶವು ತನ್ನದೇ ಭಾಗಗಳನ್ನು ಈ ಚೀಲಕ್ಕೆ ಸಾಗಿಸಿ ಕರಗಿಸಿಕೊಳ್ಳುವುದಕ್ಕೆ ಅವರು 1963ರಲ್ಲಿ ಗ್ರೀಕ್ ಶಬ್ದಗಳಿಂದ ‘ಆಟೊಫಜಿ’ ಎಂಬ ಹೆಸರನ್ನು ಕಟ್ಟಿದರು. ಕನ್ನಡದಲ್ಲಿ ‘ಸ್ವಭಕ್ಷಣ’ ಎನ್ನಬಹುದು. 1974ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ದೊರೆಯಿತು.

ಸ್ವಭಕ್ಷಣದ ಕ್ರಮವು ನಮ್ಮ ಶೆಡ್ಡಿನ ಗೋಣಿಚೀಲದ ಕ್ರಮವೇ. ಮೊದಲು ಕೋಶದಲ್ಲಿ ಒಂದು ತೆಳುಪೊರೆ ಬಟ್ಟಲಿನಂತೆ ಬಾಗುತ್ತದೆ. ಅದು ಸವೆದ ಭಾಗವನ್ನು ತಬ್ಬಿಕೊಂಡು ಬಾಯಿ ಮುಚ್ಚಿದಾಗ ಎರಡು ಪದರದ ಚೀಲವಾಗುತ್ತದೆ. ಆ ಚೀಲವು ಸಾಗಿಹೋಗಿ ಲೈಸೊಸೋಮಿನೊಡನೆ ಕೂಡಿಕೊಳ್ಳುತ್ತದೆ. ಒಳಗಿನ ಸರಕು ಹುಳಿಯಲ್ಲಿ ಕರಗಿ, ಅಮೈನೋ ಆಮ್ಲಗಳೇ ಮೊದಲಾದ ಮೂಲವಸ್ತುಗಳು ಮರಳಿ ಕಾರಖಾನೆಗೆ ದೊರೆಯುತ್ತವೆ.

ಇದನ್ನು ನಡೆಸುವ ವಂಶವಾಹಿಗಳಾವುವು ಎಂಬುದು ಬಹುಕಾಲ ಗುಟ್ಟಾಗಿಯೇ ಉಳಿದಿತ್ತು. ಜಪಾನಿನ ಯೋಶಿನೋರಿ ಓಸುಮಿಯವರು ಹಿಟ್ಟು ಹುದುಗೇರಿಸುವ ಯೀಸ್ಟನ್ನು ಹಸಿವಿಗೆ ಕೆಡವಿ, ಅದರ ಒಳಗೆ ಚೀಲಗಳು ರಾಶಿ ಬೀಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. 1992 ಮತ್ತು 1993ರಲ್ಲಿ ಅವರು ಪ್ರಕಟಿಸಿದ ಕೆಲಸದಿಂದ ಆ ವಂಶವಾಹಿಗಳ ಸಾಲು ಒಂದೊಂದಾಗಿ ಬೆಳಕಿಗೆ ಬಂದಿತು. 2016ರ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ದೊರೆತುದು ಇದಕ್ಕೇ. ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ರವಿ ಮಂಜಿತ್ತಾಯರ ತಂಡವು ಇದೇ ಸ್ವಭಕ್ಷಣವನ್ನು ಕುರಿತು ಸಂಶೋಧನೆ ನಡೆಸಿದೆ.

ಹಸಿದ ಕೋಶವು ಹೆಚ್ಚು ಸ್ವಭಕ್ಷಣ ಮಾಡುತ್ತದೆ, ಇಷ್ಟು ಸತ್ಯ. ಓಸುಮಿಯವರು ತೋರಿಸಿದುದು ಇದನ್ನೇ. ಉಪವಾಸ ಮಾಡಿದರೆ ಚಿಕೂನ್‌ಗುನ್ಯಾ ವಾಸಿಯಾಗುತ್ತದೆ ಎಂದು ಅವರು ಎಲ್ಲಿಯೂ ತೋರಿಸಲಿಲ್ಲ. ಅವರ ಹಸಿವಿನ ಪ್ರಯೋಗ ಯೀಸ್ಟಿನ ಮೇಲೆ ನಡೆದುದು. ಜ್ವರದ ರೋಗಿಯ ಮೇಲಲ್ಲ.

ಹುಳಿಯ ಬಾಗಿಲು

ಈ ಕಾರಖಾನೆಯೊಳಗೆ ಈಗ ಕಳ್ಳನ ಪ್ರವೇಶ. ಚಿಕೂನ್‌ಗುನ್ಯಾ ವೈರಾಣುವಿನ ಗಾತ್ರ ಒಂದು ಮಿಲಿಮೀಟರಿನ 14,000ದಲ್ಲಿ ಒಂದು ಪಾಲು. ಅದರ ಗರ್ಭದಲ್ಲಿ ಸುಮಾರು 11,800 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಅದರ ಸುತ್ತ ‘ಕ್ಯಾಪ್ಸಿಡ್’ ಎಂಬ ಪ್ರೋಟೀನಿನ ಕವಚ. ಮೇಲೊಂದು ಕೊಬ್ಬಿನ ಹೊದಿಕೆ. ಇಷ್ಟೇ ಅದರ ಆಸ್ತಿ. ಮಗ್ಗವಿಲ್ಲ, ನೂಲಿಲ್ಲ, ನೇಯುವ ಕೈಯೂ ಇಲ್ಲ. ಬರಿಯ ನಮೂನೆಯ ಚೀಟಿ ಹಿಡಿದು ಬಂದು, ಇನ್ನೊಬ್ಬರ ಮಗ್ಗದಲ್ಲಿ ತನ್ನ ಬಟ್ಟೆ ನೇಯಿಸಿಕೊಳ್ಳುವವನಂತೆ ಅದರ ಬಾಳು.

ಸೊಳ್ಳೆಯ ಕಡಿತದಿಂದ ಚರ್ಮದೊಳಗೆ ಇಳಿದ ವೈರಾಣು ಕೋಶದ ಮೈಗೆ ಅಂಟಿಕೊಳ್ಳುತ್ತದೆ. ಹೊರಗಿನ ವಸ್ತುಗಳನ್ನು ಒಳಗೆಳೆದುಕೊಳ್ಳುವ ರೂಢಿಯಂತೆ ಕೋಶವು ಅದನ್ನೊಂದು ಗುಳ್ಳೆಯಲ್ಲಿ ಮುಚ್ಚಿ ಒಳಗೆ ತೆಗೆದುಕೊಳ್ಳುತ್ತದೆ. ಈ ಗುಳ್ಳೆ ಮುಂದೆ ಸಾಗಿದಂತೆ ಹುಳಿಯಾಗುತ್ತ ಹೋಗುತ್ತದೆ. ದಾರಿಯ ಕೊನೆಯಲ್ಲಿ ಇರುವುದು ಲೈಸೊಸೋಮ್. ಅಲ್ಲಿಯವರೆಗೂ ಹೋದರೆ ವೈರಾಣುವಿನ ಕಥೆ ಮುಗಿದಂತೆ. ಆದರೆ ದಾರಿಯ ನಡುವೆ ಹುಳಿ ಸೋಂಕಿದೊಡನೆ ಅದರ ಹೊದಿಕೆಯ ಒಂದು ಪ್ರೋಟೀನು ರೂಪ ಬದಲಿಸಿ, ಗುಳ್ಳೆಯ ಗೋಡೆಗೆ ಚುಚ್ಚಿಕೊಂಡು, ಎರಡು ಪೊರೆಗಳನ್ನು ಬೆಸೆದುಬಿಡುತ್ತದೆ. ಒಳಗಿನ ಸರಕು ಕೋಶದ ನಡುಮನೆಗೆ ಜಾರಿಬೀಳುತ್ತದೆ. ಸುಡಬೇಕಾದ ಹುಳಿಯೇ ಕಳ್ಳನಿಗೆ ಬಾಗಿಲ ಕೀಲಿಯಾದಂತಾಯಿತು.

ಆಮೇಲೆ ಆ ಎಳೆಯಲ್ಲಿ ಬರೆದಂತೆ ಕೋಶವೇ ವೈರಾಣುವಿನ ಪ್ರೋಟೀನುಗಳನ್ನು ತಯಾರಿಸತೊಡಗುತ್ತದೆ. ಕೀಲು, ಸ್ನಾಯು, ಚರ್ಮಗಳ ಕೋಶಗಳು ಇದಕ್ಕೆ ಹೆಚ್ಚಾಗಿ ಈಡಾಗುವುದರಿಂದ ನೋವೂ ಅಲ್ಲಿಯೇ.

ಒಬ್ಬ ಕಾವಲುಗಾರ, ಒಬ್ಬ ಮೋಸಹೋದವ

ಕೋಶವು ಕೈಕಟ್ಟಿ ಕುಳಿತಿರುತ್ತದೆಯೇ? ಇಲ್ಲ. ಸ್ವಭಕ್ಷಣವು ವೈರಾಣುವಿನ ವಿರುದ್ಧ ನಿಲ್ಲಬಲ್ಲದೆಂಬ ಸುಳಿವು ಮೊದಲು ದೊರೆತುದು ಚಿಕೂನ್‌ಗುನ್ಯಾದ ದಾಯಾದಿಯಾದ ಸಿಂಡ್‌ಬಿಸ್ ವೈರಾಣುವಿನಿಂದ. ಅಮೆರಿಕದ ಬೆತ್ ಲೆವಿನ್ ಮತ್ತು ಅವರ ಸಂಗಡಿಗರು 1998ರಲ್ಲಿ ‘ಬೆಕ್ಲಿನ್’ ಎಂಬ ಪ್ರೋಟೀನನ್ನು ವರ್ಣಿಸಿ, ಅದನ್ನು ಹೆಚ್ಚಾಗಿ ಪಡೆದ ಇಲಿಮರಿಗಳ ಮೆದುಳು ಸಿಂಡ್‌ಬಿಸ್ ಸೋಂಕನ್ನು ಹೆಚ್ಚು ತಾಳಿಕೊಂಡುದನ್ನು ತೋರಿಸಿದರು. ಆ ಪ್ರೋಟೀನು ಸ್ವಭಕ್ಷಣದ ಒಂದು ಮುಖ್ಯ ಅಂಗವೆಂದು ಮರುವರ್ಷವೇ ಗೊತ್ತಾಯಿತು.

ಚಿಕೂನ್‌ಗುನ್ಯಾದ ವಿಷಯದಲ್ಲಿ ಮುಖ್ಯ ಕೆಲಸ ನಡೆದುದು ಫ್ರಾನ್ಸಿನಲ್ಲಿ. ಹಿಂದೂ ಮಹಾಸಾಗರದಲ್ಲಿ ಅವರ ಆಡಳಿತಕ್ಕೆ ಸೇರಿದ ರಿಯೂನಿಯನ್ ದ್ವೀಪವು 2005-06ರಲ್ಲಿ ಈ ಜ್ವರದಿಂದ ತತ್ತರಿಸಿದ್ದುದರಿಂದ ಅಲ್ಲಿನ ವಿಜ್ಞಾನಿಗಳಿಗೆ ಇದು ಮನೆಯ ಚಿಂತೆಯಾಗಿತ್ತು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ವಭಕ್ಷಣದ ಶಕ್ತಿ ಕುಂದಿದ್ದ ಇಲಿಮರಿಗಳಲ್ಲಿ ಚಿಕೂನ್‌ಗುನ್ಯಾ ಉಗ್ರವಾಯಿತು. ಸೋಂಕಿದ ಕೋಶಗಳು ಬೇಗನೆ ಸತ್ತವು. ಸ್ವಭಕ್ಷಣ ಸರಿಯಾಗಿದ್ದವುಗಳಲ್ಲಿ ಕೋಶಗಳ ಸಾವು ತಡವಾಯಿತು. ಇಲ್ಲಿಗೆ ನಿಂತಿದ್ದರೆ ಮೊಬೈಲಿನ ಮಾತು ಗೆದ್ದಂತೆಯೇ ಆಗುತ್ತಿತ್ತು. ಆದರೆ ಅದಕ್ಕೂ ಮೊದಲೇ, 2011ರಲ್ಲಿ, ಮಾನವ ಕೋಶಗಳ ಮೇಲೆ ನಡೆದ ಮತ್ತೊಂದು ಅಧ್ಯಯನವು ಸ್ವಭಕ್ಷಣದಿಂದ ವೈರಾಣುವಿಗೇ ಲಾಭವೆಂದು ಹೇಳಿತ್ತು. ಎರಡರಲ್ಲಿ ಯಾವುದು ಸರಿ?

2013ರಲ್ಲಿ ಬಂದ ಉತ್ತರ ಬಹು ಸ್ವಾರಸ್ಯಕರವಾಗಿದೆ: ಎರಡೂ ಸರಿ. ಕೋಶದಲ್ಲಿ ಕಸಕ್ಕೆ ಮೊದಲು ಚೀಟಿ ಅಂಟಿಸಲಾಗುತ್ತದೆ. ‘ಯುಬಿಕ್ವಿಟಿನ್’ ಎಂಬ ಸಣ್ಣ ಪ್ರೋಟೀನೇ ಆ ಚೀಟಿ. ಚೀಟಿಯನ್ನು ಓದಿ ಸರಕನ್ನು ಚೀಲಕ್ಕೆ ಹಾಕುವ ಹಮಾಲರು ಹಲವರು. ಅವರಲ್ಲಿ ಒಬ್ಬನಿಗೆ ‘ಪಿ62’ ಎಂದು ಹೆಸರು. ಇನ್ನೊಬ್ಬನಿಗೆ ‘ಎನ್‌ಡಿಪಿ52’ ಎಂದು ಹೆಸರು. ಪಿ62 ಎಂಬ ಹಮಾಲನು ಚೀಟಿ ಬಿದ್ದ ವೈರಾಣು ಕವಚವನ್ನು ಹಿಡಿದು ಲೈಸೊಸೋಮಿಗೆ ಒಯ್ದು ಹಾಕುತ್ತಾನೆ. ಇದರಿಂದ ಕೋಶ ಬದುಕುತ್ತದೆ. ಆದರೆ ಎನ್‌ಡಿಪಿ52 ಮಾನವ ಕೋಶಗಳಲ್ಲಿ ಮೋಸಹೋಗುತ್ತಾನೆ. ವೈರಾಣುವಿನ ‘ಎನ್‌ಎಸ್‌ಪಿ2’ ಎಂಬ ಪ್ರೋಟೀನು ಅವನನ್ನು ಹಿಡಿದುಕೊಳ್ಳುತ್ತದೆ. ಆ ಪ್ರೋಟೀನು ಬಿಡುಬೀಸಾಗಿದ್ದರೆ ಕೋಶದ ಸ್ವಂತ ಕೆಲಸವನ್ನೆಲ್ಲ ಬೇಗನೆ ಬಂದು ಮಾಡಿಬಿಡುತ್ತಿತ್ತು. ಎನ್‌ಡಿಪಿ52 ಜೊತೆಗೂಡಿದುದರಿಂದ ಆ ಬಂದ್ ತಡವಾಗುತ್ತದೆ. ಕಾರಖಾನೆ ಹೆಚ್ಚು ಹೊತ್ತು ತೆರೆದಿರುತ್ತದೆ. ಅಷ್ಟು ಹೊತ್ತೂ ಕಳ್ಳನ ಬಟ್ಟೆಯೇ ನೇಯಲ್ಪಡುತ್ತದೆ.

ಇಲಿಯ ಎನ್‌ಡಿಪಿ52ಕ್ಕೆ ಈ ವೈರಾಣು ಪ್ರೋಟೀನು ಅಂಟಿಕೊಳ್ಳಲಾರದು. ಹಾಗಾಗಿ ಇಲಿಯಲ್ಲಿ ಸ್ವಭಕ್ಷಣವು ಕಾವಲುಗಾರನಾಗಿಯೇ ಕಂಡಿತು. ಮನುಷ್ಯನಲ್ಲಿ ಅದೇ ಪಡೆಯ ಒಬ್ಬನು ಕಾವಲು ಕಾಯುತ್ತಿರುವಾಗ ಇನ್ನೊಬ್ಬನು ತಿಳಿಯದೆ ಕಳ್ಳನಿಗೆ ಆಸರೆಯಾಗುತ್ತಾನೆ. ಇಲಿಯಲ್ಲಿ ಕಂಡುದನ್ನು ಮನುಷ್ಯನಿಗೆ ನೇರವಾಗಿ ಹೊಂದಿಸಿ ಹೇಳಬಾರದೆಂದು ಬಲ್ಲವರು ಏಕೆ ಎಚ್ಚರಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಒಂದೊಂದಕ್ಕೆ ಒಂದೊಂದು ಹಾದಿ

ಇತರ ವೈರಾಣುಗಳು ಏನು ಮಾಡುತ್ತವೆ ಎಂದು ವಾಚಕರು ಕೇಳಬಹುದು. ಪೋಲಿಯೋ ಸೋಂಕಿದ ಕೋಶಗಳಲ್ಲಿ ಎರಡು ಪದರದ ಚೀಲಗಳಿರುವುದನ್ನು ಸ್ಯಾಮ್ ಡೇಲ್ಸ್, ಜಾರ್ಜ್ ಪಲಾಡೆ ಮೊದಲಾದವರು 1965ರಷ್ಟು ಹಿಂದೆಯೇ ಕಂಡಿದ್ದರು. ಪೋಲಿಯೋ ವೈರಾಣು ಈ ಚೀಲಗಳನ್ನು ತನ್ನ ತಯಾರಿಕೆಗೂ ಸಾಗಾಟಕ್ಕೂ ಬಳಸಿಕೊಳ್ಳುತ್ತದೆಂದು ಮುಂದೆ ತಿಳಿದುಬಂದಿತು. ಕೋಶ ಒಡೆಯುವ ಮುನ್ನವೇ ಅದರಲ್ಲಿ ಕುಳಿತು ಹೊರಬೀಳುವುದೂ ಉಂಟು. ಡೆಂಗ್ಯೂ ವೈರಾಣುವಿನದು ಇನ್ನೊಂದು ಬಗೆ. ಕೋಶವು ಕೂಡಿಟ್ಟ ಕೊಬ್ಬಿನ ಹನಿಗಳನ್ನು ಸ್ವಭಕ್ಷಣದಿಂದಲೇ ಕರಗಿಸಿ, ಆ ಶಕ್ತಿಯಲ್ಲಿ ತಾನು ವೃದ್ಧಿಯಾಗುತ್ತದೆಂದು 2010ರ ಒಂದು ಅಧ್ಯಯನ ತೋರಿಸಿತು. ಇಲ್ಲಿ ಸ್ವಭಕ್ಷಣ ಹೆಚ್ಚಾದಷ್ಟೂ ಲಾಭ ಡೆಂಗ್ಯೂವಿಗೇ!

ಸರ್ಪಸುತ್ತಿನ ಬಳಗಕ್ಕೆ ಸೇರಿದ ಹರ್ಪಿಸ್ ಸಿಂಪ್ಲೆಕ್ಸ್ ವೈರಾಣುವಿಗೆ ಸ್ವಭಕ್ಷಣವೆಂದರೆ ಭಯ. ಅದು ತನ್ನದೊಂದು ಪ್ರೋಟೀನಿನಿಂದ ಬೆಕ್ಲಿನ್ನಿನ ಕೈ ಕಟ್ಟಿಹಾಕುತ್ತದೆ. ಕೋವಿಡ್ ರೋಗದ ವೈರಾಣುವಿನ ಒಂದು ಪ್ರೋಟೀನು ಕಸದ ಚೀಲವು ಲೈಸೊಸೋಮಿನೊಡನೆ ಕೂಡದಂತೆ ತಡೆಯುತ್ತದೆಂದು 2021ರಲ್ಲಿ ಪ್ರಕಟವಾಯಿತು. ಮಕ್ಕಳ ಮೆದುಳಿಗೆ ತಗಲುವ ಜಪಾನೀ ಮೆದುಳುಜ್ವರದ ವೈರಾಣುವನ್ನು ಸ್ವಭಕ್ಷಣವು ಹತ್ತಿಕ್ಕುತ್ತದೆಂದು ನಮ್ಮ ದೇಶದ ವಿಜ್ಞಾನಿಗಳೇ 2014ರಲ್ಲಿ ತೋರಿಸಿಕೊಟ್ಟರು. ಡೆಂಗ್ಯೂವೂ ಜಪಾನೀ ಮೆದುಳುಜ್ವರವೂ ಒಂದೇ ಕುಲದ ವೈರಾಣುಗಳು. ಆದರೂ ನಡತೆ ಬೇರೆ.

ಇವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ‘ಸ್ವಭಕ್ಷಣ ಹೆಚ್ಚಿದರೆ ವೈರಸ್ ಸಾಯುತ್ತದೆ’ ಎಂಬ ಒಂದೇ ಮಾತಿನ ಸೂತ್ರಕ್ಕೆ ಎಡೆಯಿಲ್ಲವೆಂದು ಮನವರಿಕೆಯಾಗುತ್ತದೆ.

ಕ್ಲೋರೋಕ್ವಿನ್ ಕಲಿಸಿದ ಪಾಠ

ಕೋಶದ ಈ ಹುಳಿಯ ದಾರಿಯಲ್ಲಿ ಕೈಯಾಡಿಸಿ ರೋಗ ವಾಸಿಮಾಡುವ ಪ್ರಯತ್ನ ಒಮ್ಮೆ ನಡೆದಿದೆ. ಮಲೇರಿಯಾದ ಹಳೆಯ ಮದ್ದಾದ ಕ್ಲೋರೋಕ್ವಿನ್ ಗುಳಿಗೆ ಗುಳ್ಳೆಗಳ ಮತ್ತು ಲೈಸೊಸೋಮಿನ ಹುಳಿಯನ್ನು ತಗ್ಗಿಸುತ್ತದೆ. ಹುಳಿಯಿಲ್ಲದಿದ್ದರೆ ಚಿಕೂನ್‌ಗುನ್ಯಾಕ್ಕೆ ಬಾಗಿಲು ತೆರೆಯದು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಹಾಗೆಯೇ ಆಯಿತು, ವೈರಾಣು ತಗ್ಗಿತು. ಇದನ್ನು ನಂಬಿ 2006ರಲ್ಲಿ ರಿಯೂನಿಯನ್ ದ್ವೀಪದಲ್ಲಿ ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದರು. ಜ್ವರ ಬೇಗನೆ ಇಳಿಯಲಿಲ್ಲ. ಅಷ್ಟೇ ಅಲ್ಲ, 200 ದಿನಗಳ ಬಳಿಕ ವಿಚಾರಿಸಿದಾಗ, ಕ್ಲೋರೋಕ್ವಿನ್ ನುಂಗಿದವರಲ್ಲಿಯೇ ಕೀಲುನೋವಿನ ದೂರು ಹೆಚ್ಚಾಗಿತ್ತು. ಮಂಗಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಮದ್ದು ದೇಹದ ರೋಗನಿರೋಧಕ ಪ್ರತಿಕ್ರಿಯೆಯನ್ನು ತಡಮಾಡಿ ಸೋಂಕನ್ನು ಬಲಪಡಿಸಿದುದು ಕಂಡಿತು. 2020ರಲ್ಲಿ ಕೋವಿಡ್ಡಿಗೆಂದು ಇದೇ ಜಾತಿಯ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಗೆ ಜನ ಮುಗಿಬಿದ್ದರು. ಬ್ರಿಟನ್ನಿನ ದೊಡ್ಡ ಪರೀಕ್ಷೆಯಲ್ಲಿ ಅದರಿಂದಲೂ ಲಾಭ ಕಾಣಲಿಲ್ಲ.

ತಟ್ಟೆಯಲ್ಲಿರುವುದು ಒಂದೇ ಬಗೆಯ ಕೋಶ. ದೇಹದಲ್ಲಿ ರಕ್ತ, ಯಕೃತ್ತು, ರೋಗನಿರೋಧಕ ಪಡೆ ಎಲ್ಲವೂ ಇವೆ. ಒಂದು ಎಳೆಯನ್ನು ಜಗ್ಗಿದರೆ ಎಷ್ಟು ಎಳೆಗಳು ಬಿಗಿಯುತ್ತವೆಂಬುದನ್ನು ನೇಕಾರನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಉಪವಾಸ?

ಏಕಾದಶಿಗೋ ಶ್ರಾವಣ ಸೋಮವಾರಕ್ಕೋ ಆರೋಗ್ಯವಂತರು ಮಾಡುವ ಉಪವಾಸದ ಬಗ್ಗೆ ನಮ್ಮ ಆಕ್ಷೇಪವಿಲ್ಲ. ಅದು ಅವರವರ ಶ್ರದ್ಧೆಗೆ ಸೇರಿದ್ದು. ಆದರೆ ಅದನ್ನು ಜ್ವರದ ಮದ್ದೆಂದು ಹೇಳಿ, ಹತ್ತು ದಿನ ಬರಿಯ ನೀರಿನ ಮೇಲೆ ಇರಿಸುವುದು ಬೇರೆ ಮಾತು. ಜ್ವರದಲ್ಲಿ ದೇಹಕ್ಕೆ ದ್ರವವೂ ಬೇಕು, ಆಹಾರವೂ ಬೇಕು. ಚಿಕೂನ್‌ಗುನ್ಯಾವನ್ನು ಹರಡುವ ಈಡಿಸ್ ಸೊಳ್ಳೆಯೇ ಡೆಂಗ್ಯೂವನ್ನೂ ಹರಡುತ್ತದೆ. ಮೊದಲ ದಿನಗಳಲ್ಲಿ ಎರಡೂ ಒಂದೇ ತರಹ ತೋರುತ್ತವೆ. ಡೆಂಗ್ಯೂ ಆಗಿದ್ದರೆ ನಿತ್ರಾಣವೂ ದ್ರವದ ಕೊರತೆಯೂ ಪ್ರಾಣಕ್ಕೇ ಎರವಾದಾವು. ಈ ಕಾರಣದಿಂದಲೇ ಡೆಂಗ್ಯೂ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮೊದಲಾದ ನೋವಿನ ಗುಳಿಗೆಗಳನ್ನು ನುಂಗಬಾರದು, ರಕ್ತಸ್ರಾವಕ್ಕೆ ಎಡೆಯಾಗುತ್ತದೆ. ಪ್ಯಾರಾಸಿಟಮಾಲ್, ವಿಶ್ರಾಂತಿ, ಧಾರಾಳವಾಗಿ ಪಾನೀಯ, ವೈದ್ಯರ ಕಣ್ಣು, ಇವೇ ದಾರಿ.

ನಮ್ಮ ನೇಕಾರರ ವಿಷಯದಲ್ಲಿ ಮತ್ತೊಂದು ಸಂಗತಿಯುಂಟು. ಈ ವೈರಾಣು ರಕ್ತದಲ್ಲಿ ಇರುವುದು ಸಾಮಾನ್ಯವಾಗಿ ಒಂದು ವಾರದಷ್ಟು ಕಾಲ. ಮೂರು ತಿಂಗಳ ಮೇಲೂ ಉಳಿದ ಕೀಲುನೋವಿಗೆ ಬಹುಮಟ್ಟಿಗೆ ಕಾರಣ, ರೋಗನಿರೋಧಕ ಪಡೆಯು ಎಬ್ಬಿಸಿದ ಉರಿಯೂತ. ಕಳ್ಳ ಹೋದ ಮೇಲೂ ಕೇರಿಯ ಗದ್ದಲ ಅಡಗಿಲ್ಲದಂತೆ. ಇದಕ್ಕೆ ಪ್ರತ್ಯೇಕ ಚಿಕಿತ್ಸೆ ಉಂಟು. ಕೀಲುಗಳನ್ನು ನಿಧಾನವಾಗಿ ಆಡಿಸುವ ವ್ಯಾಯಾಮವೂ ಉಂಟು. ವೈದ್ಯರನ್ನು ಕಂಡು ಅದನ್ನು ಮಾಡಿಸಿಕೊಳ್ಳಬೇಕಲ್ಲದೆ, ಈಗಾಗಲೇ ಸೋತ ಮೈಯನ್ನು ಇನ್ನಷ್ಟು ಸೋಲಿಸುವುದು ತರವಲ್ಲ.

ಇದನ್ನೆಲ್ಲ ತಿಳಿದುಕೊಂಡು ಒಂದು ವಾರದ ಬಳಿಕ ನಾವು ಮತ್ತೆ ಆ ಶೆಡ್ಡಿಗೆ ಹೋದೆವು. ಉಪವಾಸವು ಮೂರನೆಯ ದಿನವೇ ಮುರಿದಿತ್ತು. “ಕಣ್ಣಿಗೆ ಕತ್ತಲಿ ಬಂತ್ರಿ, ಇಕಿ ಬೈದು ಅಂಬಲಿ ಕುಡಿಸಿದ್ಲು” ಎಂದು ಅವರು ನಾಚುತ್ತ ಹೇಳಿದರು. ಜೋಳದ ಅಂಬಲಿಯ ಆ ಬಟ್ಟಲು, ನಮ್ಮ ಪುಸ್ತಕಗಳಿಗಿಂತ ಮೊದಲೇ ಸರಿಯಾದ ಉತ್ತರ ಕೊಟ್ಟಿತ್ತು. ನಾವು ಹೇಳಬೇಕಾದುದನ್ನು ಆದಷ್ಟು ಸರಳವಾಗಿ ಹೇಳಿದೆವು. ಅವರ ಹೆಂಡತಿ ಕೇಳಿ, “ಅಂದ್ರ ಮೈಯಾಗಿನ ಕಸಾ ಮೈ ನೋಡಿಕೊಳ್ಳತದ. ನಾವು ನೋಡೂದು ಏನದ?” ಎಂದು ಪ್ರಶ್ನಿಸಿದರು.

ಹೌದಿನ ನೀರು

ಆ ಪ್ರಶ್ನೆಗೆ ಉತ್ತರ ಶೆಡ್ಡಿನ ಹಿಂದೆಯೇ ಇತ್ತು. ನಲ್ಲಿಯ ನೀರು ನಿತ್ಯ ಬಾರದ ಕಡೆ ಜನ ನೀರು ಕೂಡಿಡದೆ ಬದುಕುವಂತಿಲ್ಲ. ಹೌದು, ಬ್ಯಾರೆಲ್ಲು, ಹರವಿ, ಕೊಡ, ಯಾವುದು ಸಿಕ್ಕಿದರೆ ಅದು. ಶೆಡ್ಡಿನ ಹಿಂದಿನ ಬ್ಯಾರೆಲ್ಲಿನ ಮುಚ್ಚಳ ತೆಗೆದು ಮೊಬೈಲಿನ ಬೆಳಕು ಬಿಟ್ಟೆವು. ನೀರು ತಿಳಿಯಾಗಿತ್ತು. ಬೆಳಕು ಬಿದ್ದೊಡನೆ ಸಣ್ಣ ಸಣ್ಣ ಹುಳುಗಳು ಕೊಂಕುತ್ತ ತಳಕ್ಕೆ ಇಳಿದವು. ಅವು ಸೊಳ್ಳೆಯ ಮರಿಗಳು.

ಈಡಿಸ್ ಸೊಳ್ಳೆಗೆ ಕೊಳಚೆ ಬೇಡ. ನಾವು ಕುಡಿಯಲು ಇಟ್ಟ ಶುದ್ಧ ನೀರೇ ಬೇಕು. ಕಡಿಯುವುದು ಹಗಲಿನಲ್ಲಿ, ಅಂದರೆ ಪಾಳಿಯ ಹೊತ್ತಿನಲ್ಲಿಯೇ. ಮೊಟ್ಟೆಯು ಸೊಳ್ಳೆಯಾಗಿ ಹಾರಲು ಬೇಸಗೆಯ ದಿನಗಳಲ್ಲಿ ಸುಮಾರು 7ರಿಂದ 10 ದಿನ ಸಾಕು. ಆದುದರಿಂದ ವಾರಕ್ಕೊಂದು ದಿನ ಎಲ್ಲ ಪಾತ್ರೆಗಳನ್ನೂ ಬರಿದು ಮಾಡಿ ಒಣಗಿಸಿದರೆ ಅದರ ಸಂತತಿ ಅಲ್ಲಿಗೇ ಕಡಿಯುತ್ತದೆ. ಮಹಾರಾಷ್ಟ್ರದ ಆರೋಗ್ಯ ಇಲಾಖೆ ಹೇಳುವ ‘ಕೋರಡಾ ದಿವಸ’ ಇದೇ. ಚೆಲ್ಲಿದರೆ ಮಾತ್ರ ಸಾಲದು. ಪಾತ್ರೆಯ ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಮೊಟ್ಟೆಗಳು ಅಲ್ಲಿಯೇ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬರಿದು ಮಾಡಲಾಗದ ದೊಡ್ಡ ಹೌದಿನ ಬಾಯಿಗೆ ಬಟ್ಟೆ ಬಿಗಿಯಬೇಕು. ಟವೆಲು ನೇಯುವ ಊರಿನಲ್ಲಿ ಬಟ್ಟೆಗೆ ಬರವೇ?

ಕೋಶದೊಳಗಿನ ಹಮಾಲರು ನಮ್ಮ ಅಪ್ಪಣೆಗೆ ಕಾಯದೆ ತಮ್ಮ ಕಾಯಕವನ್ನು ನಡೆಸುತ್ತಿದ್ದಾರೆ. ಯಾರನ್ನು ಎಷ್ಟು ಹುರಿದುಂಬಿಸಬೇಕು, ಯಾರನ್ನು ತಡೆಯಬೇಕು ಎಂಬುದನ್ನು ವಿಜ್ಞಾನಿಗಳು ಅರಸುತ್ತಿದ್ದಾರೆ. ಮುಂದೊಂದು ದಿನ ಅದರಿಂದ ಔಷಧವೂ ದೊರೆಯಬಹುದು. ಅಲ್ಲಿಯವರೆಗೆ ನಮ್ಮ ಪಾಲಿಗೆ ಬಂದಿರುವ ಕಾಯಕವು ಕೋಶದ ಹೊರಗಿನದು, ಬ್ಯಾರೆಲ್ಲಿನದು.

ನಾವು ಹೊರಡುವ ಹೊತ್ತಿಗೆ ಆ ತಾಯಿ ಬ್ಯಾರೆಲ್ಲನ್ನು ಬೋರಲು ಹಾಕಿ, ‘ವೇಸ್ಟ್’ ಚೀಲದಿಂದ ಒಂದು ಹಿಡಿ ಚಿಂದಿ ತೆಗೆದುಕೊಂಡು ಅದರ ಒಳಗೋಡೆಯನ್ನು ತಿಕ್ಕುತ್ತಿದ್ದರು. ಒಳಗೆ ಅವರ ಯಜಮಾನರು ಬೆರಳುಗಳನ್ನು ಒಂದೊಂದಾಗಿ ಮಡಿಚಿ ಬಿಡಿಸುತ್ತ, ಹರಿದ ಎಳೆಯೊಂದಕ್ಕೆ ಗಂಟು ಹಾಕಲು ಪ್ರಯತ್ನಿಸುತ್ತಿದ್ದರು. ಮೂರನೆಯ ಸಲಕ್ಕೆ ಗಂಟು ಬಿದ್ದಿತು.